ಕೆತ್ತದೆ ಬಿಟ್ಟ ಮೂರನೆಯ ಹೆಸರು

ಆ ಊರಿನ ಹೆಬ್ಬಾಗಿಲಾದ ಅಗಸಿಯ ಮುಂದೆ ನಿಂತಿರುವ ಯೋಧರ ಸ್ಮಾರಕದಲ್ಲಿ ಎರಡು ಹೆಸರುಗಳಿವೆ. ಮೂರನೆಯದರ ಜಾಗ ಖಾಲಿ ಇದೆ. ಯಾಕೆ ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ. "ಪಾಪ, ಗಂಡ ಸತ್ತಾನಂತ ಹೇಣ್ತಿಗೆ ಒಪ್ಕೊಳ್ಳಾಕ ಆಗಲಿಲ್ರಿ. ಇನ್ನೂ ದಾರಿ ಕಾಯಾಕತ್ಯಾಳ." ಹನುಮಸಾಗರದ ಬಸ್ಸಿನಲ್ಲಿ, ತಾವರಗೇರಾದ ಸಂತೆಯಲ್ಲಿ, ಸಾಲೆಯ ಧ್ವಜದ ಕಟ್ಟೆಯ ಮೇಲಿನ ಭಾಷಣದಲ್ಲಿ ನಾನು ಕೇಳಿದ್ದು ಇದನ್ನೇ. ಹೇಳುವವರ ದನಿ ಕೊನೆಯಲ್ಲಿ ಸ್ವಲ್ಪ ಇಳಿಯುತ್ತದೆ, ಕೇಳುವವರು ಲೊಚಗುಟ್ಟುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ.

ನಾನು ಇದನ್ನು ಒಪ್ಪುವುದಿಲ್ಲ. ಆ ಕಲ್ಲಿನ ನಕ್ಷೆ ಹಾಕಿದವಳು ನಾನು, ಜಾಗ ಖಾಲಿ ಬಿಡಿ ಎಂದು ಹೇಳಿದವಳೂ ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಒಂದೇ: ಕಥೆ ಬಹಳ ಚಂದವಾಗಿದ್ದರೆ ಅದರಿಂದ ಯಾರಿಗೆ ಅನುಕೂಲ ಎಂದು ಕೇಳಬೇಕು. ಈ ಕಥೆಯಲ್ಲಿ ಅನುಕೂಲ ಎಲ್ಲರಿಗೂ ಇದೆ, ಆ ಹೆಂಗಸೊಬ್ಬಳನ್ನು ಬಿಟ್ಟು.

ಕೆಲಸ ಕೊಪ್ಪಳದ ನಮ್ಮ ಸಣ್ಣ ಕಚೇರಿಗೆ ಬಂದದ್ದು ಆ ಊರಿನ ನಿವೃತ್ತ ಹವಾಲ್ದಾರರ ಮೂಲಕ. ಸ್ಮಾರಕ ಸಮಿತಿಯ ಅಧ್ಯಕ್ಷರು ಅವರೇ. ಮೊದಲ ದಿನವೇ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದರು. ಫೈಬರಿನ ಸೈನಿಕ, ಕೈಯಲ್ಲಿ ಬಂದೂಕು, ಕಾಲಬುಡದಲ್ಲಿ ಎರಡು ಹುಲಿ.

"ಹುಲಿ ಯಾಕ್ರಿ ಸರ್?"

"ಶೌರ್ಯಕ್ಕ."

"ಇಷ್ಟು ವರ್ಷ ಮಿಲಿಟ್ರ್ಯಾಗ ಇದ್ರಿ. ಎಷ್ಟು ಹುಲಿ ನೋಡೀರಿ?"

"ಒಂದೂ ಇಲ್ಲ. ಸೊಳ್ಳಿ ಭಾಳ ನೋಡೀನಿ." ಮೀಸೆಯೊಳಗೇ ನಕ್ಕರು. "ಸೊಳ್ಳಿ ಮೂರ್ತಿ ಮಾಡ್ಸಾಕ ಬರೂದಿಲ್ಲಲ್ಲ, ತಂಗಿ."

ಜಾಗ ನೋಡಲು ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಅಗಸಿಯ ಬಲಕ್ಕೆ ಇರುವ ಹಳೆಯ ವೀರಗಲ್ಲು. ಎಣ್ಣೆ ಕುಡಿದು ಕಪ್ಪಾಗಿದೆ. ಮೂರು ಪಟ್ಟಿಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ವಿಜಯನಗರದ ದಂಡನಾಯಕನ ಕಲ್ಲು ಎಂದು ಊರು ಹೇಳುತ್ತದೆ. ನಾನು ಕೆಳಗಿನ ಪಟ್ಟಿಯನ್ನು ಅಂಗೈಯಿಂದ ಒರೆಸಿ ಹವಾಲ್ದಾರರನ್ನು ಕರೆದೆ.

"ಇಲ್ಲಿ ನೋಡ್ರಿ. ಕೋಡು, ಬಾಲ. ಇವು ಆಕಳು. ಊರ ದನಾ ಹೊಡಕೊಂಡು ಹೋಗೋರ ಜೋಡಿ ಬಡದಾಡಿ ಸತ್ತಾನ. ದಂಡನಾಯಕ ಅಂತ ಯಾರು ಹೇಳ್ಯಾರ ನಿಮಗ?"

ಅವರು ಬಗ್ಗಿ ನೋಡಿದರು. ಬೆನ್ನು ನೆಟ್ಟಗೆ ಮಾಡಿ, "ದನಕ್ಕ ಸತ್ರೇನು, ದೇಶಕ್ಕ ಸತ್ರೇನು? ಊರ ಸಲುವಾಗಿ ಸತ್ತಾನೋ ಇಲ್ಲೋ?" ಎಂದರು.

ಆ ಸುತ್ತಿನಲ್ಲಿ ಗೆದ್ದವರು ಅವರು. ಆದರೆ ಹುಲಿಗಳೂ ಅಲ್ಲೇ ಸತ್ತವು. ವೀರಗಲ್ಲಿನ ಅಳತೆಯನ್ನೇ ದೊಡ್ಡದು ಮಾಡಿ ಒಂದೇ ನಿಲುವುಗಲ್ಲು, ಅದರಲ್ಲಿ ಮೂರು ಪಟ್ಟಿ, ಒಂದೊಂದರಲ್ಲಿ ಒಬ್ಬೊಬ್ಬ ಯೋಧನ ಹೆಸರು ಎಂದು ನಿರ್ಧಾರವಾಯಿತು. ಕೆಳಗೆ ಎಪ್ಪತ್ತೊಂದರ ಯುದ್ಧದಲ್ಲಿ ಸತ್ತವನು, ನಡುವೆ ಕಾಶ್ಮೀರದಲ್ಲಿ ಗುಂಡು ತಾಗಿದವನು. ಮೇಲಿನ ಪಟ್ಟಿ, ಈಶಾನ್ಯದ ಗಡಿಯಲ್ಲಿ ಹೊಳೆ ದಾಟುವಾಗ ಕೊಚ್ಚಿಹೋಗಿ, ದೇಹವೇ ಸಿಗದ ಮೂರನೆಯವನಿಗೆ. ಸೇನೆ ಕೆಲವು ವರ್ಷ ಕಾದು ಅವನನ್ನು ಮೃತನೆಂದು ಘೋಷಿಸಿತ್ತು.

ಕುಷ್ಟಗಿ ಕಡೆಯ ಕೆಂಪು ಗ್ರಾನೈಟು ಆರಿಸಿದೆವು. ಕನ್ನಡಿಯ ಹಾಗೆ ಪಾಲಿಶ್ ಮಾಡಿಸಬೇಕೆಂದು ಸಮಿತಿಯ ಆಸೆ. ಪಾಲಿಶಿನಲ್ಲಿ ಆಕಾಶ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ ಎಂದು ನಾನು ವಾದಿಸಿದೆ. ಮೈ ನುಣುಪು, ಹೊಳಪಿಲ್ಲ, ಅಕ್ಷರ ಉಳಿಯಿಂದಲೇ ಆಳಕ್ಕೆ ಕೆತ್ತುವುದು ಎಂದಾಯಿತು. ಅಡಿಪಾಯದ ಜಗಳ ಬೇರೆ. ಅಲ್ಲಿ ಇರುವುದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲೆ ನಿಂತದ್ದನ್ನು ಎತ್ತಿ ಓರೆ ಮಾಡುತ್ತದೆ. ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಕುಣಿ ತೋಡಬೇಕು ಎಂದೆ. ಮೇಸ್ತ್ರಿ ಹಣೆ ಒರೆಸಿಕೊಂಡು, "ಕಲ್ಲು ನಿಲ್ಲಸಾಕ ಕರದೀರೋ, ಬಾವಿ ತೋಡಾಕೋ, ಒಂದು ಹೇಳ್ರಿ ಮೇಡಂ" ಅಂದ. ತೋಡಿದ.

ಇನ್ನು ಮನೆಯವರ ಒಪ್ಪಿಗೆ. ಮೊದಲ ಎರಡು ಮನೆಗಳಲ್ಲಿ ಚಹಾ ಕುಡಿಸಿ ಕಳಿಸಿದರು. ಮೂರನೆಯ ಮನೆಗೆ ಹೋಗುವ ಅಗತ್ಯವಿಲ್ಲ, ತಾಯಿ ಹೂಂ ಅಂದಿದ್ದಾಳೆ ಎಂದು ಹವಾಲ್ದಾರರು ಹೇಳಿದರು. ಅವರ ದನಿಯ ಅವಸರ ನನಗೆ ಸರಿ ಬರಲಿಲ್ಲ. ಹೋದೆ.

ಪಡಸಾಲೆಯಲ್ಲಿ ತಾಯಿ ಸಜ್ಜೆ ಹಸನು ಮಾಡುತ್ತಿದ್ದಳು. ಕಣ್ಣು ಮಂಜು. ಮೊರದ ಮೇಲೆ ಬೆರಳಾಡಿಸಿಯೇ ಹರಳು ಹೆಕ್ಕುತ್ತಿದ್ದಳು.

"ಕಲ್ಲಿನಾಕಿ ಬಂದ್ಯೇನವ್ವಾ? ನನ್ನ ಮಗನ ಹೆಸರು ಆಳಕ ಕೆತ್ತಸು. ಕೈಯಾಡ್ಸಿದ್ರ ಬೆರಳಿಗೆ ಸಿಗಬೇಕು."

"ಕೆತ್ತಸ್ತೀನವ್ವಾ."

"ಬಸ್ಸಿಂದ ಇಳದವರಿಗೆ ಮೊದ್ಲ ಅದ ಕಾಣಬೇಕು ನೋಡು."

ಸೊಸೆ ಸಾಲೆಯಲ್ಲಿ ಬಿಸಿಯೂಟ ಮುಗಿಸಿ ಅದೇ ತಾನೇ ಬಂದಿದ್ದಳು. ಹಣೆಯಲ್ಲಿ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದಳು.

"ಅವರ ಹೆಸರು ಬರೀಬ್ಯಾಡ್ರಿ."

ನನ್ನ ಬಳಿ ಉತ್ತರ ಸಿದ್ಧವಿತ್ತು. ವಾದಕ್ಕೆ ಹೋಗುವಾಗ ಎದುರಾಳಿಯ ಕಾಗದಗಳನ್ನು ಓದಿಕೊಂಡು ಹೋಗುವುದು ನನ್ನ ರೂಢಿ.

"ಪಿಂಚಣಿ ಕಾಗದಕ್ಕ ನೀವ ಸಹಿ ಮಾಡೀರಿ. ಅದರಾಗ ಮೃತ ಅಂತ ಐತಿ. ಅಲ್ಲಿ ಸತ್ತಾರ, ಇಲ್ಲಿ ಅದಾರ ಅಂದ್ರ ಹೆಂಗ್ರಿ?"

ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವಳು ನನ್ನನ್ನು ಒಂದು ಕ್ಷಣ ನೋಡಿದಳು.

"ಸತ್ತಿಲ್ಲಂತ ನಾ ಯಾವಾಗ ಅಂದೀನಿ? ಹೊಳಿ ದಾಟೂ ಹಗ್ಗ ಹರದ ದಿನ ಜೋಡಿದ್ದಾಂವ ಫೋನ್ ಮಾಡಿ ಅತ್ತ. ನನಗ ಅವತ್ತ ತಿಳೀತು. ಹೊಳಿ ಒಯ್ದದ್ದು ಯಾವ ಹೊಳಿ ತಿರುಗಿ ಕೊಟ್ಟೈತಿ?"

"ಮತ್ತ ಯಾಕ ಬ್ಯಾಡ ಅಂತೀರಿ?"

"ಅತ್ತಿಗೆ ಹೇಳಿಲ್ಲ." ಒಳಗೆ ಮೊರದ ಸದ್ದು ನಡೆದೇ ಇತ್ತು. "ಸಿಕ್ಕಿಲ್ಲ, ಹುಡುಕಾಕತ್ಯಾರ ಅಂತ ಅಷ್ಟ ಹೇಳಿದ್ದೆ. ಆಮ್ಯಾಲ ಹೇಳಬೇಕಂತ ಬಾಯಿ ತಗದಾಗೆಲ್ಲ ಆಗಲಿಲ್ಲ. ಪಿಂಚಣಿನ ಆಕಿ ಪಗಾರ ಅಂತಾಳ. ನಾನೂ ಹೂಂ ಅಂತೀನಿ. ಈ ಬಳಿ ಯಾಕ ಹಾಕ್ಕೊಂಡೀನಿ ಅಂತೀರಿ? ಆಕಿಗೆ ಕಣ್ಣು ಮಂಜು, ಕಿವಿ ಚುರುಕ. ಬೋಳು ಕೈಲೆ ರೊಟ್ಟಿ ಬಡದ್ರ ಸಪ್ಪಳ ಬ್ಯಾರೆ ಆಗತೈತ್ರಿ."

"ಆದ್ರ ಮಗನ ಹೆಸರು ಕೆತ್ತಸು ಅಂತ ನಿಮ್ಮ ಅತ್ತಿನ ಅಂತಾರಲ್ಲ?"

"ನಿನ್ನ ಮಗನ ಹೆಸರು ಅಗಸಿಗೆ ಬರತೈತಿ ಅಂತ ಹೇಳಿ ಹೂಂ ಅನ್ಸ್ಯಾರ. ಸತ್ತೋರ ಕಲ್ಲು ಅಂತ ಹೇಳಿಲ್ಲ. ನಾಳೆ ದೊಡ್ಡವರು ಬಂದು ಮೈಕಿನ್ಯಾಗ ಹುತಾತ್ಮ ಅಂತ ಒದರ್ತಾರ. ಮಗ ಸತ್ತಾನಂತ ಹಡದಾಕಿಗೆ ಯಾರು ಹೇಳಿದಂಗಾತು? ಮೈಕು."

"ಅದಕ್ಕ ಮೊದ್ಲ ನೀವ ಹೇಳಿಬಿಡ್ರಿ."

"ನೀವು ಕಲ್ಲು ನಿಲ್ಲಸಾಕ ಬಂದೀರಿ," ಎಂದಳು ಆಕೆ. "ನಿಲ್ಲಸ್ರಿ."

ಕೊಪ್ಪಳಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನಗೆ ನಾನೇ ವಾದ ಮಾಡಿಕೊಂಡೆ. ಸುಳ್ಳಿನ ಮೇಲೆ ಮನೆ ನಡೆಸುವುದು ತಪ್ಪು. ತಾಯಿಗೆ ತಿಳಿಯುವ ಹಕ್ಕಿದೆ. ಅದೂ ಸರಿ. ಆದರೆ ಆ ಹಕ್ಕನ್ನು ಒಂದು ಗ್ರಾನೈಟು ಕಲ್ಲಿನಿಂದ ಜಾರಿ ಮಾಡಲು ನಾನು ಯಾರು? ಸ್ಪರ್ಧೆಯಲ್ಲಿ ಎರಡೂ ಕಡೆಯವರು ಎದುರುಬದುರು ಕೂಡುತ್ತಾರೆ, ಗಂಟೆ ಹೊಡೆಯುತ್ತದೆ, ತೀರ್ಪು ಬರುತ್ತದೆ. ಇಲ್ಲಿ ಎರಡೂ ಕಡೆಯವರು ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದರು.

ಶಿಲ್ಪಿಗೆ ಫೋನು ಮಾಡಿ, ಮೇಲಿನ ಪಟ್ಟಿ ಸದ್ಯಕ್ಕೆ ಬಿಡಿ, ಊರಿಗೆ ತಂದ ಮೇಲೆ ಕಲ್ಲನ್ನು ಮಲಗಿಸಿಕೊಂಡು ನೋಡೋಣ ಎಂದೆ. ಸಮಯ ಸಿಗುತ್ತದೆ ಎಂಬ ಲೆಕ್ಕ ನನ್ನದು. ಅಷ್ಟರಲ್ಲಿ ಅವನು ತನ್ನ ಶೆಡ್ಡಿನಲ್ಲಿ ಕೆಳಗಿನ ಎರಡು ಹೆಸರು ಮತ್ತು ಬುಡದ 'ವೀರ ಹುತಾತ್ಮರು' ಎಂಬ ಸಾಲು ಕೆತ್ತಿ ಮುಗಿಸಿದ್ದ. 'ಮರಳಿ ಬಾರದವರು' ಎಂದು ಬರೆಸಿದ್ದರೆ ಯಾರಿಗೂ ನೋಯುತ್ತಿರಲಿಲ್ಲವಲ್ಲ ಎಂದು ನನಗೆ ಹೊಳೆದದ್ದು ಆಮೇಲೆ. ಕೆತ್ತಿದ್ದನ್ನು ಅಳಿಸಬೇಕಾದರೆ ಇಡೀ ಮೈಯನ್ನೇ ಅಷ್ಟು ಆಳ ಅರೆಯಬೇಕು.

ಕಲ್ಲು ಊರಿಗೆ ಬಂದು, ಕುಣಿಯ ಪಕ್ಕ ಮರದ ದಿಮ್ಮಿಗಳ ಮೇಲೆ ಮಲಗಿತು. ಮರುದಿನ ಕಚೇರಿಯಲ್ಲಿದ್ದಾಗ ಮೇಸ್ತ್ರಿಯ ಫೋನು.

"ಮೇಡಂ, ಕ್ರೇನ್ ಗಾಡಿ ಸಾಲಿ ನೀರಿನ ಟಾಕಿ ಕೆಲಸಕ್ಕ ಬಂದಿತ್ತು. ಹೆಂಗೂ ಬಂದೈತಲ್ಲಂತ ಕಲ್ಲು ಎತ್ತಿ ಕುಣ್ಯಾಗ ಇಳಿಸಿಬಿಟ್ವಿ. ದಾರದ ತೂಗುಗುಂಡು ಬಿಟ್ಟು ನೋಡಿದ್ವಿ, ಕೂದಲಿನಷ್ಟೂ ಫರಕಿಲ್ಲ. ನಾಳೆ ಬೇಕಂದ್ರ ಮತ್ತ ಮಲಗಸೂಣು."

ಮೇಸ್ತ್ರಿ ಮರೆತದ್ದು ಆ ದಿನ ಅಮಾವಾಸ್ಯೆ ಎಂಬುದನ್ನು.

ಬೆಳಿಗ್ಗೆ ನಾನು ಬಸ್ಸಿಳಿಯುವ ಹೊತ್ತಿಗೆ ಕಲ್ಲಿನ ಮೈತುಂಬ ಅರಿಸಿನ, ಕುಂಕುಮ, ಎಣ್ಣೆ. ಬುಡದಲ್ಲಿ ತೆಂಗಿನ ಚಿಪ್ಪು, ಎಡೆಯ ಎಲೆ. ವೀರಗಲ್ಲಿಗೆ ಎಣ್ಣೆ ಎರೆಯಲು ಬಂದ ಹೆಂಗಸರು ಪಕ್ಕದಲ್ಲೇ ಅದರಂಥದೇ ಹೊಸದು ನಿಂತಿರುವುದನ್ನು ಕಂಡು ಅದಕ್ಕೂ ಎರೆದಿದ್ದರು. ಇದರಲ್ಲಿ ಅವರ ತಪ್ಪೇನು? ವೀರಗಲ್ಲಿನ ಹಾಗೆ ಕಾಣಬೇಕೆಂದು ಪಟ್ಟು ಹಿಡಿದವಳು ನಾನು. ನನ್ನ ಆ ವಾದ ಪೂರ್ತಿಯಾಗಿ ಗೆದ್ದಿತ್ತು.

ಶಿಲ್ಪಿ ಬಂದು ನೋಡಿ ಚಪ್ಪಲಿ ಕಳಚಿದ.

"ಇನ್ನು ಇದನ್ನ ಮಲಗಸಾಕ ಬರೂದಿಲ್ರಿ. ಎಡಿ ಉಂಡ ಕಲ್ಲು. ಮಲಗಿಸಿದ್ರ ಮ್ಯಾಲೆ ಕುಂತು ಕೆತ್ತಬೇಕಾಗತೈತಿ. ನಾ ಕುಂಡ್ರಾಂವಲ್ಲ."

"ಹಂಗಾರ?"

"ನಿಂತಲ್ಲೆ ಕೆತ್ತತೀನಿ. ಅಟ್ಟ ಕಟ್ಟಿ ಕೊಡ್ರಿ, ಹೆಸರು ಹೇಳ್ರಿ."

ನಾನು ಬೇಕೆಂದೇ ತಡ ಮಾಡಿದೆ. ಮೊದಲು ಎಣ್ಣೆ ಹೋಗಬೇಕು, ಇಲ್ಲದಿದ್ದರೆ ಅಕ್ಷರಕ್ಕೆ ಬಣ್ಣ ಹಿಡಿಯುವುದಿಲ್ಲ ಎಂದೆ. ಸೀಗೆಪುಡಿ, ಸುಣ್ಣದ ಪುಡಿ ಹಚ್ಚಿ ಒರೆಸಿದೆವು. ಒರೆಸಿದ್ದನ್ನು ಸಂಜೆ ಯಾರೋ ಮತ್ತೆ ಎರೆದಿರುತ್ತಿದ್ದರು. ಆ ಎಳೆದಾಟದ ನಡುವೆ ಮಳೆ ಬಂತು. ಕಲ್ಲು ಇನ್ನೂ ಬೆಣೆಗಳ ಮೇಲೆ ನಿಂತಿತ್ತು, ಕುಣಿ ತುಂಬಿರಲಿಲ್ಲ. ಅಂಚಿನ ಎರೆಮಣ್ಣು ಉಬ್ಬಿ ಒಂದು ಬದಿಯ ಬೆಣೆಗಳನ್ನು ದೂಡಿತು. ಬೆಳಿಗ್ಗೆ ಗುಂಡು ಬಿಟ್ಟರೆ ಎರಡು ಬೆರಳು ಓರೆ. ಮಲಗಿಸುವಂತಿಲ್ಲ. ಕ್ರೇನು ಹೋಗಿಯಾಗಿತ್ತು. ಲಾರಿಯ ಜ್ಯಾಕು ತರಿಸಿ, ಎದುರು ಬದಿಗೆ ಹಗ್ಗ ಬಿಗಿದು, ಕಲ್ಲಿಗೆ ಗೋಣಿಚೀಲ ಕೊಟ್ಟು, ಸ್ವಲ್ಪ ಸ್ವಲ್ಪವೇ ಎತ್ತತೊಡಗಿದೆವು. ನಾನು ಕುಣಿಯೊಳಗೆ ಇಳಿದು ಗುಂಡಿನ ದಾರ ನೋಡುತ್ತಿದ್ದೆ. ತಲೆಯ ಮೇಲೆ ಕಲ್ಲಿನ ಪೂರ್ತಿ ಭಾರ.

ಅದು ನೆಟ್ಟಗಾಗಿ, ನಾನು ಮೇಲೆ ಹತ್ತಿ ಕಣ್ಣೆತ್ತಿದರೆ, ಅಟ್ಟದ ಮೇಲೆ ಶಿಲ್ಪಿ. ಮೇಲಿನ ಪಟ್ಟಿಯಲ್ಲಿ ಕೆಂಪು ಬಣ್ಣದಿಂದ ಮೊದಲ ಅಕ್ಷರ ಬರೆದಾಗಿತ್ತು. ಕೆಳಗೆ ಹವಾಲ್ದಾರರು ಕೈಕಟ್ಟಿ ನಿಂತಿದ್ದರು.

"ಸರ್, ಇದೇನಿದು?"

"ಎಷ್ಟು ದಿನ ಎಳೀತಿ ತಂಗಿ? ಉದ್ಘಾಟನೆ ಹತ್ರ ಬಂತು. ತಾಯಿ ಹೂಂ ಅಂದಾಳ, ಮುಗೀತು."

"ತಾಯಿ ಯಾವುದಕ್ಕ ಹೂಂ ಅಂದಾರಂತ ನಿಮಗ ಗೊತ್ತೈತಿ."

ಅವರ ಮುಖ ಕೆಂಪೇರಿತು. "ಅವನ್ನ ಮಿಲಿಟ್ರಿ ಭರ್ತಿಗೆ ಕರ್ಕೊಂಡು ಹೋದಾಂವ ನಾನು. ಬ್ಯಾಡ ಅಂತ ಅಳೋ ತಾಯಿಗೆ ಮಾತು ಕೊಟ್ಟು ಕರ್ಕೊಂಡು ಹೋದಾಂವ ನಾನು. ಅವನ ಹೆಸರು ಈ ಊರಾಗ ಇಲ್ಲಂದ್ರ ನಾ ಯಾವ ಮಾರಿ ಹೊತ್ಗೊಂಡು ಅಡ್ಡಾಡ್ಲಿ? ನಿನ್ನ ಡಿಬೇಟು ಕೊಪ್ಪಳದಾಗ ಇಟ್ಕೊ."

ಅಲ್ಲಿಯವರೆಗೆ ನಾನು ಅವರನ್ನು ಮೆರವಣಿಗೆಯ ಹುಚ್ಚಿನ ಮನುಷ್ಯ ಅಂದುಕೊಂಡಿದ್ದೆ. ಆದರೂ ಮಾತು ನಿಲ್ಲಿಸಲಿಲ್ಲ.

"ಹಂಗಾರ ಒಂದು ಕೆಲಸ ಮಾಡ್ರಿ. ಈಗ ಆ ಮನಿಗೆ ಹೋಗ್ರಿ. ಅವ್ವಾ, ನಿನ್ನ ಮಗ ಸತ್ತಾನ, ಅದಕ್ಕ ಹೆಸರು ಕೆತ್ತಾಕತ್ತೀವಿ ಅಂತ ಬಾಯಿ ಬಿಟ್ಟು ಹೇಳ್ರಿ. ಹೇಳಿ ಬರ್ರಿ, ಅಟ್ಟ ಹತ್ತಿ ನಾನ ಉಳಿ ಹಿಡೀತೀನಿ."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ತಿರುಗಿ, ಕವಾಯತಿನ ಹೆಜ್ಜೆಯಲ್ಲೇ ಓಣಿ ಹಿಡಿದರು. ಬೇವಿನ ಗಿಡದವರೆಗೆ ಹೋದರು. ಅಲ್ಲಿಂದ ಆ ಮನೆಯ ಬಾಗಿಲು ಕಾಣುತ್ತದೆ. ನಿಂತರು. ಅಟ್ಟದ ಮೇಲೆ ಶಿಲ್ಪಿ, ಜ್ಯಾಕಿನ ಬಳಿ ಮೇಸ್ತ್ರಿ, ಕುಣಿಯ ಅಂಚಿನಲ್ಲಿ ನಾನು, ಎಲ್ಲರೂ ಆ ಬೆನ್ನನ್ನೇ ನೋಡುತ್ತಿದ್ದೆವು. ಬಹಳ ಹೊತ್ತಿನ ಮೇಲೆ ಅವರು ವಾಪಸು ಬಂದರು.

"ಆಗೂದಿಲ್ಲ ತಂಗಿ," ಎಂದರು.

ಅವರೇ ಮತ್ತೆ, "ಖಾಲಿ ಬಿಟ್ರ ಊರು ನಗತೈತಿ" ಅಂದರು. ಅದರಲ್ಲಿ ಜಗಳವಿರಲಿಲ್ಲ, ಕೇಳಿಕೆ ಇತ್ತು.

"ಆ ವೀರಗಲ್ಲಿನ್ಯಾಗ ಹೆಸರು ಎಲ್ಲೈತ್ರಿ? ಒಂದಕ್ಷರ ಇಲ್ಲ. ಎಣ್ಣಿ ಎರಿಯೂದು ಬಿಟ್ಟಾರೇನು?"

ನಿರ್ಧಾರ ಆದದ್ದು ಹಾಗೆ. ಶಿಲ್ಪಿ ಒದ್ದೆ ಬಟ್ಟೆಯಿಂದ ಕೆಂಪು ಅಕ್ಷರ ಒರೆಸಿದ. ಮೇಲಿನ ಪಟ್ಟಿಗೂ ಕೆಳಗಿನವುಗಳ ಹಾಗೇ ಅಂಚು ಕೆತ್ತಬೇಕು, ಅಷ್ಟೇ ಆಳ, ಅಷ್ಟೇ ಅಗಲ ಎಂದು ಹೇಳಿದೆ. ಮರೆತು ಬಿಟ್ಟ ಹಾಗೆ ಕಾಣಬಾರದು, ಬೇಕೆಂದೇ ಬಿಟ್ಟದ್ದು ಎಂದು ಗೊತ್ತಾಗಬೇಕು. ಅವನು ಎರಡು ದಿನ ಅದನ್ನೇ ಕೆತ್ತಿದ.

ಊರಿಗೆ ಏನು ಹೇಳುವುದು ಎಂಬ ಪ್ರಶ್ನೆ ಉಳಿಯಿತು. ನಿಜ ಹೇಳಿದರೆ ಸಂಜೆಯೊಳಗೆ ಅದು ತಾಯಿಯ ಕಿವಿ ಮುಟ್ಟುತ್ತದೆ. ಹೆಂಡತಿಗೆ ಒಪ್ಪಿಕೊಳ್ಳಲಾಗಲಿಲ್ಲ ಎಂಬ ಕಥೆ ಹುಟ್ಟಿದ್ದು ಸಮಿತಿಯ ಬಾಯಿಂದಲೇ. ಇದು ಅನ್ಯಾಯ, ಎಲ್ಲ ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು ನಾನು ಸೊಸೆಗೆ ಹೇಳಿದೆ. ಅವಳು ಸಾಲೆಯ ಅಡುಗೆಮನೆಯಲ್ಲಿ ಸಾರು ತಿರುವುತ್ತಿದ್ದಳು. "ಅನ್ನಲಿ ಬಿಡ್ರಿ. ಹುಚ್ಚಿ ಅಂದ್ರೂ ಅನ್ನಲಿ. ಸೊಸಿ ಇನ್ನೂ ದಾರಿ ಕಾಯಾಕತ್ಯಾಳಂತ ಅತ್ತಿಗೆ ಕೇಳಿದ್ರ ಏನೂ ಆಗೂದಿಲ್ಲ" ಎಂದಳು. ತಾಯಿಯೂ ಈಗ ಎಲ್ಲ ಬಲ್ಲವಳಾದ ಮೇಲೆ ಅದನ್ನು ಹೀಗೆ ಬರೆಯಬಹುದೇ ಎಂದು ನಾನು ಸೊಸೆಯನ್ನೇ ಕೇಳಿದ್ದೇನೆ. ಬರೀರಿ ಎಂದಿದ್ದಾಳೆ. 'ಬಲ್ಲವಳಾದ' ಎಂಬ ಮಾತು ಸರಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಯಾಕೆಂದರೆ ಕೊನೆಯ ದಿನ ನಾನು ಕಂಡದ್ದು ಬೇರೆ.

ಉದ್ಘಾಟನೆಯ ಹಿಂದಿನ ದಿನ ಕುಣಿ ತುಂಬಿದೆವು. ಕಲ್ಲು ನೆಟ್ಟಗಾದ ಮೇಲೆ ಬುಡಕ್ಕೆ ಹಾಕಿದ್ದ ಕಾಂಕ್ರೀಟು ಬಿಗಿಯಾಗಿತ್ತು. ಮೇಲಿನ ಭಾಗಕ್ಕೆ ಗರಸು ತುಂಬಿ ನೀರು ಹಾಕಿ ದಮ್ಮಸು ಹೊಡೆಯುವುದಿತ್ತು. ಆ ಮೊದಲು ಕುಣಿಗೆ ನವಧಾನ್ಯ ಹಾಕುವುದು ರೂಢಿ. ಎರಡು ಮನೆಯವರು ಬಂದು ಕಾಳು, ಹೂವು ಹಾಕಿ ಕೈಮುಗಿದು ಹೋದರು. ಸ್ವಲ್ಪ ಹೊತ್ತಿಗೆ ಆ ತಾಯಿ ಕೋಲೂರಿಕೊಂಡು ಒಬ್ಬಳೇ ಬಂದಳು. ಸೊಸೆ ಇನ್ನೂ ಸಾಲೆಯಲ್ಲಿದ್ದಳು.

ಕಲ್ಲನ್ನು ತಡವಿದಳು. ಕೆಳಗಿನ ಹೆಸರಿನ ಮೇಲೆ ಬೆರಳು ಆಡಿದವು. ನಡುವಿನದರ ಮೇಲೆ ಆಡಿದವು. ಮೇಲಿನ ಪಟ್ಟಿ ಅವಳ ಕೈಗೆ ಎಟುಕಲಿಲ್ಲ.

"ಮ್ಯಾಲೆ ಏನೈತವ್ವಾ?"

"ಇನ್ನೂ ಕೆತ್ತಿಲ್ಲವ್ವಾ," ಎಂದೆ.

"ಇರಲಿ ಬಿಡು."

ಮೇಸ್ತ್ರಿ ನವಧಾನ್ಯದ ತಟ್ಟೆ ಮುಂದೆ ಹಿಡಿದ. ಅವಳು ಅದನ್ನು ಮುಟ್ಟಲಿಲ್ಲ. ಕೋಲು ನನ್ನ ಕೈಗೆ ಕೊಟ್ಟು ಕೂತಳು. ಗುಡ್ಡೆ ಹಾಕಿದ್ದ ಮಣ್ಣಿನಿಂದ ಒಂದು ಹಿಡಿ ತೆಗೆದು ಕುಣಿಯೊಳಗೆ ಬಿಟ್ಟಳು. ಮತ್ತೊಂದು ಹಿಡಿ. ಮತ್ತೊಂದು. ಎದ್ದು ಕೋಲು ಇಸಿದುಕೊಂಡು, ಹಿಂತಿರುಗಿ ನೋಡದೆ ನಡೆದು, ನಲ್ಲಿಯ ಬಳಿ ಕೈಕಾಲು ತೊಳೆದಳು. ಮೇಸ್ತ್ರಿಯ ಕೈಯಲ್ಲಿ ತಟ್ಟೆ ಹಾಗೇ ಇತ್ತು. ನಮ್ಮ ಕಡೆ ಯಾರಿಗೆ, ಯಾವಾಗ ಹಾಗೆ ಮಣ್ಣು ಕೊಡುತ್ತಾರೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

ಅಗಸಿಯ ಕಟ್ಟೆಯ ಮೇಲೆ ಅವಳು ಕೂತಿದ್ದಳು. ಅಷ್ಟರಲ್ಲಿ ಸೊಸೆ ಅವಸರದಲ್ಲಿ ಬಂದಳು. "ಒಬ್ಬಾಕಿನ ಯಾಕ ಬಂದೀರಿ ಅತ್ತಿ, ಎಡವಿದ್ರ ಏನ್ ಗತಿ?"

"ನಿನ್ನ ಬಳಿ ಸಪ್ಪಳ ಕಡಿಮಿ ಆಗೈತಲ್ಲೇ," ಎಂದಳು ತಾಯಿ. "ಒಡದಾವೇನು? ನಾಳೆ ಮಂದಿ ಬರ್ತಾರ. ಕೈ ತುಂಬ ಹೊಸಾವು ಹಾಕ್ಸಕೊ. ನಾ ಇರೂತನಕ ನಿನ್ನ ಕೈ ಬರಿದಾಗಬಾರದು."

ಸೊಸೆ ಹೂಂ ಎಂದು, ಅತ್ತೆಗೆ ಕುಡಿಯಲು ನೀರು ತರಲು ನಲ್ಲಿಯ ಕಡೆ ಹೋದಳು. ಸೊಸೆ ಅತ್ತೆಯನ್ನು ನೋವಿನಿಂದ ಕಾಯುತ್ತಿದ್ದಾಳೆ ಎಂದು ನಾನು ಇಷ್ಟು ದಿನ ನಂಬಿದ್ದೆ. ಆ ನಂಬಿಕೆಯ ಮೇಲೇ ಹವಾಲ್ದಾರರನ್ನು ಸೋಲಿಸಿದ್ದೆ, ಒಂದು ಕಲ್ಲಿನ ನೆತ್ತಿಯನ್ನು ಖಾಲಿ ಬಿಡಿಸಿದ್ದೆ. ಕಟ್ಟೆಯ ಮೇಲೆ ತಾಯಿಯ ಪಕ್ಕ ಕೂತೆ. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಮಣ್ಣಿತ್ತು. ನೀರು ತುಂಬಿಸಿಕೊಂಡು ಸೊಸೆ ಹಿಂತಿರುಗುವುದರೊಳಗೆ, ತಗ್ಗಿದ ದನಿಯಲ್ಲಿ ಕೇಳಿದೆ:

"ಅವ್ವಾ, ನಿನಗ ಯಾವಾಗಿಂದ ಗೊತ್ತೈತಿ?"